ಕೆನ್ನೆ ಕೆಂಪಾಗದ ಹಾವು

ಓಗುರಿ ಹಿಸಾಯೆಯವರಿಗೆ ಪ್ರಾಣಿಗಳೆಂದರೆ ಪಂಚಪ್ರಾಣ ಎಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ಯಾಮಾಶಿನಾದ ಮಿನಾಗಾವಾ ಆವಿಗೆಯಲ್ಲಿ ನನ್ನದು ಚಹಾ ಬಟ್ಟಲುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಕಟ್ಟುವ ಕೆಲಸ. ಆ ಬಟ್ಟಲುಗಳ ಮೇಲೆ ಕೈಯಿಂದ ಚಿತ್ರ ಬರೆಯುವವರು ಅವರು. ಕೆಲಸಕ್ಕೆ ಸೇರಿದ ದಿನ ಅವರ ಮೇಜಿನ ಮುಂದಿನ ಗೋಡೆ ನೋಡಿದೆ. ಇಲಿಯ ಬಾಲ, ಹಂದಿಯ ಮೂತಿ, ಕೋತಿಯ ಕಿವಿ, ಹುಂಜದ ಕಾಲುಗುರು, ಎಲ್ಲವೂ ಕಾಗದದ ಮೇಲೆ, ಮುಟ್ಟಿದರೆ ಬೆಚ್ಚಗಿರಬಹುದು ಎನ್ನುವ ಹಾಗೆ. ಇಷ್ಟು ಹತ್ತಿರದಿಂದ ನೋಡಿದವರು ಪ್ರೀತಿಸದೆ ಇರುತ್ತಾರೆಯೇ ಎಂದುಕೊಂಡು, ಮರುದಿನ ಪಕ್ಕದ ಮನೆಯ ಮೊಲವನ್ನು ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ಬಿಟ್ಟೆ.

"ತೆಗೀರಿ ಅದನ್ನ," ಎಂದರು. "ಮೊಲದ ವರ್ಷ ಬರ್ಲಿ, ಆಗ ಅನುಭವಿಸ್ತೀನಿ. ಅಲ್ಲೀವರೆಗೂ ಅದರ ಮುಖ ನೋಡೋ ಕರ್ಮ ನನಗೆ ಬೇಡ."

ನಮ್ಮ ಪಂಚಾಂಗದಲ್ಲಿ ವರ್ಷಕ್ಕೊಂದು ಪ್ರಾಣಿ; ಹೊಸ ವರ್ಷದ ಮೊದಲ ಚಹಾಕೂಟಕ್ಕೆ ಆ ವರ್ಷದ ಪ್ರಾಣಿಯಿರುವ ಬಟ್ಟಲೇ ಆಗಬೇಕು. ಅದಕ್ಕಾಗಿ ಹಿಂದಿನ ಬೇಸಿಗೆಯಿಂದಲೇ ಹಿಸಾಯೆ ಆ ಪ್ರಾಣಿಯ ಜೊತೆ ಸಂಸಾರ ಹೂಡಬೇಕು. ಒಂದು ಬೇಸಿಗೆ ಇಲಿಯೊಂದಿಗೆ, ಇನ್ನೊಂದು ಹಂದಿಯೊಂದಿಗೆ. ಹನ್ನೆರಡು ಪ್ರಾಣಿಗಳ ಸುತ್ತು ಮುಗಿದರೆ ಮತ್ತೆ ಇಲಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಎಲ್ಲವುಗಳ ಮೇಲೂ ಅವರಿಗೆ ಹೇಸಿಗೆ. ಹಾವಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಹಾವಿನ ವರ್ಷಕ್ಕೆ ಮುಂಚಿನ ಬೇಸಿಗೆ ಇನ್ನೂ ನೆನಪಿದೆ. ಬಣ್ಣ ಕಲಸುವ ಕಡಲಪಾಚಿಯ ಅಂಟು ಸೆಕೆಗೆ ಹಳಸಿ ಗಬ್ಬು ನಾರುತ್ತಿತ್ತು. ಹಿಸಾಯೆ ಒಂದೊಂದು ಬಟ್ಟಲು ಮುಗಿದಾಗಲೂ ಹಾವಿನ ಮುಖವನ್ನು ಗೋಡೆಗೆ ತಿರುಗಿಸಿಟ್ಟು, ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದರು. ಊರೆಲ್ಲ ಹಾವುಮೀನು ತಿನ್ನುವ ದಿನ ಯಜಮಾನರಾದ ಮಿನಾಗಾವಾ ನಮಗೂ ಸುಟ್ಟ ಹಾವುಮೀನು ತರಿಸಿದರು. ಹಿಸಾಯೆ ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಮುಚ್ಚಿ, ನನ್ನ ಕಡೆ ತಳ್ಳಿದರು. ಹೋಗಲಿ, ಉದೋನ್ ಶಾವಿಗೆ? "ಅದು ಬಟ್ಟಲಲ್ಲಿ ಅಲ್ಲಾಡತ್ತೆ," ಎಂದರು.

ಆ ಹೇಸಿಗೆಯೆಲ್ಲ ಕುಂಚದ ತುದಿಗೆ ಇಳಿದಿತ್ತು. ಬಟ್ಟಲಿನ ಮುಂಭಾಗದಲ್ಲಿ ಬಿಳಿ ಹಾವು ಸುರುಳಿ ಸುತ್ತಿ, ತಲೆ ಮಾತ್ರ ಎತ್ತಿ, ಎದುರಿಗಿದ್ದವರನ್ನು ಅಳೆಯುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಹಾಕಿ ನಾನು ಬೇಗ ಬೆರಳು ಹಿಂದಕ್ಕೆಳೆದುಕೊಳ್ಳುತ್ತಿದ್ದೆ.

ಮಾದರಿ ನೋಡಲು ಶಿನೋಮಿಯಾ ಸೆನ್ಸೇ ಬಂದರು. ಚಹಾವಿಧಿ ಕಲಿಸುವ ಗುರುಗಳು; ನಮ್ಮ ಆವಿಗೆಯ ದೊಡ್ಡ ಗಿರಾಕಿ. ಅವರು ಬರುವುದಿಲ್ಲ, ಆಗಮಿಸುತ್ತಾರೆ, ಕೂರುವುದಿಲ್ಲ, ಆಸೀನರಾಗುತ್ತಾರೆ. ಜೊತೆಗೆ ಇಬ್ಬರು ಶಿಷ್ಯೆಯರು. ಆಸೀನರಾದವರು ಬಟ್ಟಲು ಎತ್ತಿದರು, ಅಷ್ಟೇ ಬೇಗ ಇಳಿಸಿದರು, ಕೂತಲ್ಲೇ ಒಂದು ಗೇಣು ಹಿಂದೆ ಸರಿದರು. ಆಮೇಲೆ ಗಂಟು ಬಿಚ್ಚಿ ಯಾವುದೋ ಅಂಗಡಿಯ ಬಟ್ಟಲೊಂದನ್ನು ಹೊರತೆಗೆದರು. ಅದರ ಮೇಲಿನ ಹಾವಿಗೆ ಉದ್ದ ರೆಪ್ಪೆ, ಕುತ್ತಿಗೆಗೆ ರಿಬ್ಬನ್ನು, ಗುಲಾಬಿ ಕೆನ್ನೆ, ಬಾಯ್ತುಂಬ ನಗು.

"ಹೀಗೆ ಮುದ್ದಾಗಿದ್ರೆ ಒಳ್ಳೇದಿತ್ತು," ಎಂದರು.

ಹಿಸಾಯೆ ಅದನ್ನು ಸತ್ತ ಜಿರಳೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದು ಹಾವಲ್ಲ ಸೆನ್ಸೇ. ಸ್ನಾನ ಮಾಡಿಸಿ ಪೌಡರ್ ಹಚ್ಚಿದ ಸಾಸೇಜು."

ಯಜಮಾನರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಹಿಸಾಯೆಯನ್ನು ನನ್ನ ಪೆಟ್ಟಿಗೆಗಳ ಸಂದಿಗೆ ಕರೆದು ಪಿಸುಗುಟ್ಟಿದರು. "ಒಂದು ನಗು ತಾನೇ ಹಿಸಾಯೆ-ಸಾನ್, ಬರೆದುಬಿಡಿ. ಆಗಲ್ಲ ಅಂದ್ರೆ ಅಚ್ಚು ಹಾಕಿದ ಚಿತ್ರ ತರಿಸ್ತೀನಿ. ಆಮೇಲೆ ನೀವು ಅಂಟಿಸ್ಕೊಂಡು ಕೂತಿರಬೇಕಾಗತ್ತೆ, ವರ್ಷಾ ವರ್ಷಾ."

ಗೋಡೆಯ ಮೇಲಿನ ಬಾಲ, ಮೂತಿ, ಕಿವಿಗಳ ಕಡೆ ನಾನು ನೋಡಿದೆ. ಕುಂಚ ಹೋದರೆ ಅವರ ಕೈಗೆ ಉಳಿಯುವುದು ಅಚ್ಚಿನ ಚಿತ್ರ ಒತ್ತಿ ಅಂಟಿಸುವ ಒದ್ದೆ ಸ್ಪಂಜು.

"ಹಾವಿಗೆ ಹೇಸ್ತೀನಿ ಯಜಮಾನ್ರೇ, ಆದ್ರೂ ಬರೀತೀನಿ," ಎಂದರು ಹಿಸಾಯೆ. "ಈ ನಗೂಗೆ ಹೇಸ್ತೀನಿ, ಬರೆಯಲ್ಲ."

ಅತ್ತ ಸೆನ್ಸೇ ಗಂಟಲು ಸರಿಮಾಡಿಕೊಂಡರು. "ನನಗೇನೂ ಇಲ್ಲಪ್ಪ. ಬಿಳಿ ಹಾವು ಅಂದ್ರೆ ಬೆಂಜಾಯ್ತೆನ್ ದೇವಿಯ ದೂತ, ಮಂಗಳಕರ. ಪಾಪ, ಈ ಹುಡುಗೀರು ಹೆದರ್ಕೋತಾರೆ ಅಂತ ಹೇಳಿದೆ, ಅಷ್ಟೆ."

"ದೇವಿ ಕಳಿಸಿದ ದೂತನ ಕೆನ್ನೆಗೆ ರಂಗು ಬಳೀತಾರಾ?" ಎನ್ನುತ್ತ ಹಿಸಾಯೆ ಬಂದು ಕೂತರು. ತಮ್ಮ ಹಾವಿನ ಬಟ್ಟಲಿಗೆ ಒಲೆಯ ಮೇಲಿದ್ದ ಸಾದಾ ಚಹಾ ಸುರಿದು ಒಬ್ಬ ಶಿಷ್ಯೆಯ ಮುಂದಿಟ್ಟರು. "ಕುಡಿಯಮ್ಮ. ನಿಮ್ಮ ಸೆನ್ಸೇ ಹೇಳಿಕೊಟ್ಟ ಹಾಗೇ ಕುಡಿ."

ಹುಡುಗಿ ಹೇಳಿಕೊಟ್ಟ ಹಾಗೇ ಕುಡಿದಳು. ಬಟ್ಟಲಿನ ಮುಂಭಾಗಕ್ಕೆ ತುಟಿ ತಾಗಿಸುವುದು ಅಪಚಾರ. ಆದ್ದರಿಂದ ಬಟ್ಟಲನ್ನು ಅಂಗೈ ಮೇಲೆ ಮೆಲ್ಲಗೆ ತಿರುಗಿಸಿ, ಚಿತ್ರವನ್ನು ಆಚೆ ಕಡೆ ಮಾಡಿಕೊಂಡು, ನೆಮ್ಮದಿಯಾಗಿ ಹೀರಿದಳು. ಆಚೆ ಕಡೆ ಇದ್ದವರು ಸೆನ್ಸೇ. ಹಾವು ತಲೆಯೆತ್ತಿ ಅವರನ್ನೇ ನೋಡುತ್ತಿತ್ತು. ಸೆನ್ಸೇ ಚಾವಣಿ ನೋಡತೊಡಗಿದರು.

"ಈ ಮಗೂಗೆ ಏನೂ ಕಾಣಿಸ್ತಿಲ್ಲ," ಎಂದರು ಹಿಸಾಯೆ. "ಬಟ್ಟಲು ತಗೊಳ್ಳೋವಾಗ ಕಂಡಿದ್ದು ಒಂದು ಕ್ಷಣ, ಅಷ್ಟೆ. ಆಮೇಲೆ ಹಾವು ನೋಡೋದು ಎದುರಿಗೆ ಕೂತು ಚಹಾ ಮಾಡಿ ಕೊಟ್ಟೋರನ್ನ. ಹಾಗಾದ್ರೆ ಹೆದರ್ಕೊಳ್ಳೋರು ಯಾರು ಸೆನ್ಸೇ?"

ಹುಡುಗಿಗೆ ಚಹಾ ನೆತ್ತಿಗೇರಿತು. ಇನ್ನೊಬ್ಬಳು ತೋಳಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಯಾರು, ನಾನಾ?" ಸೆನ್ಸೇಯವರ ಬೆನ್ನು ಇನ್ನೂ ನೆಟ್ಟಗಾಯಿತು. ಶಿಷ್ಯೆಯರ ಎದುರು ಆ ಬೆನ್ನನ್ನು ಮತ್ತೆ ಬಗ್ಗಿಸುವ ದಾರಿ ಇರಲಿಲ್ಲ. "ಮಿನಾಗಾವಾ-ಸಾನ್, ಹೀಗೇ ಇರ್ಲಿ. ಅಷ್ಟೂ ಬಟ್ಟಲು ಹೀಗೇ ಇರ್ಲಿ. ನಗು ಬೇಡ."

ಹೊಸ ವರ್ಷದ ಕೂಟಕ್ಕೆ ಪೆಟ್ಟಿಗೆಗಳನ್ನು ಹೊತ್ತವನು ನಾನೇ. ಹಿಂದಿನ ಅಡುಗೆಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ಅತಿಥಿಗಳು ಒಬ್ಬೊಬ್ಬರಾಗಿ ಬಟ್ಟಲು ತಿರುಗಿಸಿದರು, ಒಂದೊಂದು ಹಾವೂ ತಲೆಯೆತ್ತಿತು. ಸೆನ್ಸೇ ತಲೆ ಎತ್ತಲಿಲ್ಲ. ಚಹಾದ ಪುಡಿಯಲ್ಲಿ ಉಂಗುರ ಕಳೆದುಕೊಂಡವರ ಹಾಗೆ ಬಿದಿರಿನ ಕಡೆಗೋಲು ಆಡಿಸುತ್ತಲೇ ಇದ್ದರು. ಅಂಥ ವಿನಯವನ್ನು ಅವರಲ್ಲಿ ಹಿಂದೆಂದೂ ಕಂಡಿರಲಿಲ್ಲ ಎಂದು ಅತಿಥಿಗಳು ಬೆರಗಾದರು. ಹೊಗಳಿಕೆ ಊರೆಲ್ಲ ಹಬ್ಬಿತು.

ವಸಂತದಲ್ಲಿ ಸೆನ್ಸೇ ಮತ್ತೆ ಆಗಮಿಸಿದರು. ಮುಂದಿನದು ಕುದುರೆಯ ವರ್ಷ. ಅಚ್ಚಿನ ಚಿತ್ರದ ಮಾತನ್ನು ಯಜಮಾನರು ಎತ್ತಲಿಲ್ಲ. ಹಿಸಾಯೆ ಆಗಲೇ ಮೇಜಿನ ಮುಂದೆ ಕೂತು, ಮೂಗು ಸಿಂಡರಿಸಿಕೊಂಡು, ಗೊರಸು ಬರೆಯುತ್ತಿದ್ದರು.

"ಪ್ರಾಣಿಗಳ ಮೇಲೆ ಇಷ್ಟು ಪ್ರೀತಿ ಇಲ್ದೆ ಹೀಗೆ ಬರೆಯೋಕೆ ಸಾಧ್ಯ ಇಲ್ಲ," ಎಂದರು ಸೆನ್ಸೇ, ಕೈ ಜೋಡಿಸಿ. "ಆ ಹನ್ನೆರಡರಲ್ಲಿ ನಿಮಗೆ ತುಂಬಾ ಇಷ್ಟವಾದ್ದು ಯಾವುದು ಹಿಸಾಯೆ-ಸಾನ್?"

ನನಗೆ ಮೊಲ ನೆನಪಾಯಿತು. ಪೆಟ್ಟಿಗೆಗಳ ಹಿಂದೆ ಸರಿದುಕೊಂಡೆ.

"ಬೆಕ್ಕು."

"ಹನ್ನೆರಡರಲ್ಲಿ ಬೆಕ್ಕೇ ಇಲ್ವಲ್ಲ?"

"ಅದಕ್ಕೇ," ಎಂದರು ಹಿಸಾಯೆ, ಎದ್ದು ಕೈ ತೊಳೆಯಲು ಹೋಗುತ್ತ.