ಪ್ರಸಾದವೆಂದು ಕೊಟ್ಟ ಹೂವು

ಶ್ರೀಲಂಕಾ ಪ್ರವಾಸದ ಫೋಟೊಗಳಲ್ಲೆಲ್ಲ ನಾನಿದ್ದೇನೆ. ಬಿಳಿ ಟೋಪಿ, ಸೊಂಟಕ್ಕೆ ಕಟ್ಟಿದ ಪಾಸ್‌ಪೋರ್ಟ್ ಚೀಲ, ಹಲ್ಲು ಬಿಟ್ಟ ಮುಖ. ಆ ಮುಖ ನೋಡಿದರೆ ವಾಕರಿಕೆ ಬರುತ್ತದೆ. ಮೊಮ್ಮಗಳು ಒಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಅದನ್ನು ತೆಗೆದು ಬೀರುವಿನ ಹಿಂದೆ ಇಟ್ಟಿದ್ದೇನೆ.

ನಾವು ಹನ್ನೊಂದು ಜನ, ವಿಜಯನಗರ, ಗೋವಿಂದರಾಜನಗರದ ನಿವೃತ್ತರು. ಟೂರ್ ನಡೆಸುವಾತನೂ ನಮ್ಮ ಏರಿಯಾದವನೇ. ಇಂಥ ಟೂರ್‌ಗಳಿಗೆ ಅಡುಗೆಯವರು ಜೊತೆಯಲ್ಲಿ ಬರಬೇಕು, ಇಲ್ಲದಿದ್ದರೆ ನಮ್ಮಂಥವರು ಯಾರೂ ಹೊರಡುವುದಿಲ್ಲ. ಎರಡು ಸಾವಿರ ವರ್ಷ ಹಳೆಯ ಊರು ನೋಡಲು ಹೋಗುತ್ತೇವೆ, ಆದರೆ ಮಧ್ಯಾಹ್ನಕ್ಕೆ ತಿಳಿಸಾರು ಆಗಬೇಕು. ಅದಕ್ಕಾಗಿ ಕಾಮಾಕ್ಷಿಪಾಳ್ಯದಿಂದ ಒಬ್ಬ ಹೆಂಗಸನ್ನು ಕರೆತಂದಿದ್ದರು. ಐವತ್ತರ ಆಸುಪಾಸಿನವಳು, ಛತ್ರಗಳಲ್ಲಿ ಅಡುಗೆ ಮಾಡುವವಳು. ವಿಮಾನ ಹತ್ತಿದ್ದು ಅದೇ ಮೊದಲು.

ಇಳಿದ ದಿನದಿಂದ ಅವಳದು ಒಂದೇ ಪ್ರಶ್ನೆ.

"ಸಾರ್, ಸೀತಮ್ಮ ಕೂತಿದ್ದ ಜಾಗಕ್ಕೆ ಯಾವತ್ತು ಹೋಗ್ತೀವಿ?"

"ಆರನೇ ದಿನ ಕಣಮ್ಮ. ಮೊದ್ಲು ಬೇಳೆ ನೆನೆಹಾಕು" ಎನ್ನುತ್ತಿದ್ದ ಟೂರ್‌ನವನು.

ಒಮ್ಮೆ ನನ್ನ ಲೋಟಕ್ಕೆ ಕಾಫಿ ಸುರಿಯುತ್ತ ಅವಳೇ ಹೇಳಿದಳು: "ನಮ್ಮವ್ವ ಸಾಯೋ ತನಕ ಅಶೋಕವನದ ಕತೆ ಹೇಳ್ತಾನೇ ಇದ್ಲು ಸಾರ್. ಅದನ್ನ ನೋಡ್ಬೋದು ಅಂತಾನೇ ನಾನು ಬಂದಿದ್ದು. ಇಲ್ದಿದ್ರೆ ಹನ್ನೊಂದು ಜನರ ಪಾತ್ರೆ ಯಾರು ತೊಳೀತಾರೆ?"

ನಮ್ಮ ಪಾತ್ರೆ ತೊಳೆಯುವುದು ಸುಲಭವಾಗಿರಲಿಲ್ಲ. ನಾವು ಮಾಡಿದ ಹೊಲಸು ಈಗ ನೆನೆದರೂ ಮೈ ಮುದುಡುತ್ತದೆ. ವ್ಯಾನಿನ ತುಂಬ ಚಟ್ನಿಪುಡಿ, ಬೆವರಿದ ಕಾಲ್ಚೀಲಗಳ ವಾಸನೆ. ಹೋಟೆಲಿನ ಕೈತೊಳೆಯುವ ತೊಟ್ಟಿಯಲ್ಲಿ ಅನ್ನದ ಅಗುಳು. ಬೆಳಗಿನ ತಿಂಡಿಯ ಮೇಜಿನಿಂದ ಬಾಳೆಹಣ್ಣುಗಳನ್ನು ಚೀಲಕ್ಕೆ ಇಳಿಸುವ ಮುದಿ ಕೈಗಳು. ಉಪ್ಪಿನಕಾಯಿ ಎಣ್ಣೆಯನ್ನು ಬಿಳಿ ಟವೆಲ್ಲಿಗೆ ಒರೆಸಿ ಅದನ್ನು ಮಡಿಸಿ ಇಟ್ಟು ಬಂದವನು ನಾನೇ.

ಗೈಡ್ ಆ ದೇಶದವನು, ತೆಳ್ಳಗಿನ ಸಭ್ಯ ಮನುಷ್ಯ. ಮೂರನೇ ದಿನ ಒಂದು ಗುಹೆಯ ಬೌದ್ಧ ದೇವಾಲಯದ ಮುಂದೆ ವ್ಯಾನ್ ನಿಲ್ಲಿಸಿ, ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ, ಅರ್ಪಿಸಿದ ಹೂವನ್ನು ಮುಟ್ಟಬೇಡಿ, ಇಲ್ಲಿ ಅದನ್ನು ಮೂಸುವುದೂ ಇಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ನಾವು ಕೋಡುಬಳೆ ಡಬ್ಬಿ ಬಿಚ್ಚುತ್ತಿದ್ದೆವು.

"ಇವನ ಭಾಷಣ ಆಮೇಲಾಗ್ಲಿ, ಟಾಯ್ಲೆಟ್ ಎಲ್ಲಿದೆ ಕೇಳಪ್ಪ" ಎಂದರು ಹಿಂದಿನ ಸೀಟಿನವರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಳಗೆ ತಂಪು, ಅರೆಗತ್ತಲು. ಮಲಗಿದ ಬುದ್ಧನ ಮುಂದಿನ ಕಲ್ಲುಹಾಸಿನ ಮೇಲೆ ನೀಲಿ ನೈದಿಲೆಗಳನ್ನು ಸಾಲಾಗಿ ಇಟ್ಟಿದ್ದರು. ನಮ್ಮವರು ಫೋಟೊಗಳಲ್ಲಿ ಮುಳುಗಿದ್ದರು. ದೇವರ ಪಾದದ ಹೂವೆಂದರೆ ನಮಗೆ ಪ್ರಸಾದ. ಎಪ್ಪತ್ತು ವರ್ಷದ ಅಭ್ಯಾಸದಿಂದ ನನ್ನ ಕೈ ತಾನಾಗಿ ಒಂದನ್ನು ಎತ್ತಿತು. ಕಣ್ಣಿಗೊತ್ತಿಕೊಂಡೆ, ಮೂಸಿದೆ.

ಇಷ್ಟಾಗಿದ್ದರೆ ತಿಳಿಯದೆ ಮಾಡಿದ್ದು ಎನ್ನಬಹುದಿತ್ತು. ಆದರೆ ತಲೆಯೆತ್ತಿದಾಗ ಬಿಳಿ ಬಟ್ಟೆಯ ಒಬ್ಬ ಮುದುಕಿ, ಅಲ್ಲಿ ಪೂಜೆಗೆ ಬಂದವಳು, ನನ್ನನ್ನೇ ನೋಡುತ್ತಿದ್ದಳು. ಅವಳು ಸರಸರನೆ ಬಾಗಿಲ ಕಡೆ ಹೋದಳು. ಏನೋ ತಪ್ಪಾಗಿದೆಯೆಂದು ಆಗಲೇ ನನಗೆ ಗೊತ್ತಾಯಿತು. ಹೂವನ್ನು ತಿರುಗಿ ಇಡಬಹುದಿತ್ತು. ಪಕ್ಕದಲ್ಲಿ ಅಡುಗೆಯವಳು ಕೈ ಮುಗಿದು ನಿಂತಿದ್ದಳು.

"ತಗೊಳ್ಳಮ್ಮ, ಪ್ರಸಾದ. ಮುಡ್ಕೋ" ಎಂದೆ.

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಮುಡಿದಳು.

ಮುದುಕಿ ಅಲ್ಲಿನ ಮೇಲ್ವಿಚಾರಕನನ್ನು ಕರೆತಂದು ನನ್ನ ಕಡೆಗೇ ಕೈ ತೋರಿಸಿದಳು. ಆದರೆ ಹೂವಿದ್ದದ್ದು ಅಡುಗೆಯವಳ ತಲೆಯಲ್ಲಿ. ಆತ ಗೈಡನ್ನು ಎಲ್ಲರೆದುರು ಬೈದ. ಗೈಡ್ ತಲೆ ತಗ್ಗಿಸಿ ಕೈ ಜೋಡಿಸಿದ. ನಮ್ಮವರು ಅಡುಗೆಯವಳ ಮೇಲೆ ಹರಿಹಾಯ್ದರು.

"ಅಡುಗೆಯವಳನ್ನ ಯಾಕ್ರೀ ಒಳಗೆ ಬಿಟ್ರಿ?"

"ಹೂ ಕಂಡ್ರೆ ಸಾಕು, ತಲೆಗೆ ಸಿಕ್ಕಿಸ್ಕೋಬೇಕು."

ಅವಳು ಹೂವನ್ನು ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಅಂಗೈಯಲ್ಲಿ ಹಿಡಿದು ನಿಂತಳು. ನನ್ನನ್ನು ನೋಡಿದಳು. ನಾನು ಚಾವಣಿಯ ಚಿತ್ರಗಳನ್ನು ನೋಡಿದೆ. "ಬಣ್ಣ ಇನ್ನೂ ಹೇಗಿದೆ ನೋಡ್ರಿ" ಎಂದೆ, ಪಕ್ಕದವರಿಗೆ.

ಆಮೇಲೆ ಯಾವ ಗುಡಿಯ ಬಳಿಯೂ ಅವಳು ಇಳಿಯಕೂಡದೆಂದು ಟೂರ್‌ನವನು ಹೇಳಿದ. ಆರನೇ ದಿನ ಬೆಟ್ಟದ ಮೇಲೆ, ಅಶೋಕವನವೆನ್ನುವ ಜಾಗಕ್ಕೆ ಬಂದೆವು. ಅವಳು ಒಗೆದ ಹಸಿರು ಸೀರೆ ಉಟ್ಟಿದ್ದಳು.

"ಸಾರ್, ಹೊರಗಡೇನೇ ನಿಂತು ಕೈ ಮುಗೀತೀನಿ."

"ಇನ್ನೊಂದು ಗಲಾಟೆ ಬೇಡಮ್ಮ. ವ್ಯಾನಲ್ಲೇ ಇರು, ಹುರುಳಿಕಾಯಿ ಹೆಚ್ಚು" ಎಂದ ಟೂರ್‌ನವನು.

ನಾನು ಅವಳ ಕಿಟಕಿಯ ಪಕ್ಕದಲ್ಲೇ ಇಳಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಟೋಪಿ ಹಾಕಿಕೊಂಡೆ.

ಅದು ನಮ್ಮದೇ ಪದ್ಧತಿಯ ಗುಡಿ. ಅಲ್ಲಿ ಪೂಜಾರಿಯೇ ಕರೆದು ಹೂವು ಕೊಡುತ್ತಾನೆ. ನನಗೂ ಕೊಟ್ಟ. ಅದನ್ನು ಅವಳಿಗೆ ಒಯ್ಯಲು ಧೈರ್ಯ ಬರಲಿಲ್ಲ. ಶೂ ಹಾಕಿಕೊಳ್ಳುವಾಗ ಕಲ್ಲಿನ ಮೇಲೆ ಬಿಟ್ಟು ಬಂದೆ.

ಕಳೆದ ತಿಂಗಳು ಗೋವಿಂದರಾಜನಗರದ ಒಬ್ಬರ ತಾರಸಿಯ ಮೇಲೆ ಎಲ್ಲರೂ ಸೇರಿದ್ದೆವು. ಮುಂದಿನ ಟೂರ್ ನೇಪಾಳಕ್ಕೆ.

"ಈ ಸಲ ಅಡುಗೆಗೆ ಬೇರೆಯವರು. ಹೂವಿನಮ್ಮ ಬೇಡ" ಎಂದ ಟೂರ್‌ನವನು. ಎಲ್ಲರೂ ನಕ್ಕರು. ಅವಳಿಗೆ ಅದೇ ಹೆಸರು ಉಳಿದಿತ್ತು.

ನಾನು ಹೇಳಿದೆ: "ಆ ಹೂ ತೆಗೆದಿದ್ದು ನಾನು. ನಾನೇ ಅವಳ ಕೈಗೆ ಕೊಟ್ಟೆ."

ಒಬ್ಬರು ವಡೆಯ ತಟ್ಟೆ ಮುಂದೆ ತಳ್ಳಿದರು. "ಅಯ್ಯೋ ಬಿಡಿ ಸಾರ್, ತಿಳೀದೆ ಮಾಡಿದ್ರಿ."

"ಹಾಗಾದ್ರೆ ಅವಳನ್ನೇ ಕರೀತೀರಾ?" ಎಂದು ಟೂರ್‌ನವನನ್ನು ಕೇಳಿದೆ.

"ಬೇರೆಯವರಿಗೆ ಹೇಳಾಯ್ತಲ್ಲ ಸಾರ್, ಈಗೆಲ್ಲಿ ಬದಲಾಯಿಸೋದು?"

ತಿಳಿಯದೆ ಮಾಡಿದ್ದಲ್ಲ ಎಂದು ನಾನು ಹೇಳಲಿಲ್ಲ. ವಡೆ ತಿಂದೆ. ಅದು ಬಿಸಿಯಾಗಿ, ರುಚಿಯಾಗಿಯೇ ಇತ್ತು. ಮನೆಗೆ ಬಂದು ಎರಡು ಸಲ ಬಾಯಿ ಮುಕ್ಕಳಿಸಿದೆ.

ಮಾರನೆಯ ಬೆಳಿಗ್ಗೆ ಮಾಗಡಿ ರಸ್ತೆಯ ಬಸ್ಸು ಹತ್ತಿ ಅವಳ ಮನೆ ಹುಡುಕಿಕೊಂಡು ಹೋದೆ. ಕೆಳಗೆ ಗಾರ್ಮೆಂಟ್ಸ್, ಮೇಲೆ ಅವಳ ಒಂದು ಕೋಣೆ. ಹೊಲಿಗೆ ಮಷಿನ್ನುಗಳ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಅವಳು ಯಾವುದೋ ಮದುವೆಯ ಅಡುಗೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸ್ಟೂಲ್ ಕೊಟ್ಟಳು. ನಾನು ಕೂರಲಿಲ್ಲ.

"ತಪ್ಪು ಅಂತ ಗೊತ್ತಾದ ಮೇಲೇನೇ ನಿಂಗೆ ಕೊಟ್ಟಿದ್ದಮ್ಮ" ಎಂದೆ.

"ಗೊತ್ತು ಸಾರ್. ಕೊಡೋಕ್ ಮುಂಚೆ ನೀವು ಆ ಅಜ್ಜಿ ಹೋದ ಬಾಗಿಲು ಕಡೆ ನೋಡಿದ್ರಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಿದ್ರು?" ಸಿಪ್ಪೆ ಊದಿ ಬೆಳ್ಳುಳ್ಳಿಯನ್ನು ಪಾತ್ರೆಗೆ ಹಾಕಿದಳು. "ಅದು ಬಿಡಿ. ಸೀತಮ್ಮ ಕೂತಿದ್ದ ಜಾಗ ಹೆಂಗಿತ್ತು? ಅದನ್ನಾದ್ರೂ ಹೇಳಿ. ಇಲ್ಲಿ ಎಲ್ಲ ಕೇಳ್ತಾರೆ, ವ್ಯಾನಲ್ಲೇ ಇದ್ದೆ ಅನ್ನೋಕೆ ನಾಚ್ಕೆ ನಂಗೆ."

ನಾನು ನೆನಪಿಸಿಕೊಂಡೆ. "ಒಂದು ಹೊಳೆ ಇತ್ತು. ಮಂಗಗಳಿದ್ವು."

"ಹೊಳೆ ಪಕ್ಕ ಬಂಡೆ ಮೇಲೆ ಹನುಮಂತನ ಪಾದ ಇದ್ಯಂತೆ. ನಮ್ಮವ್ವ ಹೇಳ್ತಿದ್ಲು."

ಇತ್ತು ಎಂದುಬಿಡಬಹುದಿತ್ತು. ಆ ದಿನ ಅರ್ಧ ಗಂಟೆ ನಾನು ವ್ಯಾನಿಗೆ ಬೆನ್ನು ಹಾಕಿ, ಯಾರು ಕರೆದರೂ ಹೋಗಿ ಫೋಟೊಗೆ ನಿಂತಿದ್ದೆ.

"ನಾನು ನೋಡ್ಲಿಲ್ಲಮ್ಮ."

ಅವಳ ಕೈ ನಿಂತಿತು. ಹೂವಿನ ವಿಷಯಕ್ಕೆ ತೋರಿಸದ ಬೇಸರ ಆಗ ಅವಳ ಮುಖದಲ್ಲಿ ಕಂಡಿತು.

"ಅಷ್ಟು ದೂರ ಹೋಗಿ, ಒಳಗೂ ಹೋಗಿ, ನೋಡ್ಲಿಲ್ವಾ ಸಾರ್?"