ಎಮ್ಮೆ ನಿಂತ ಮನೆ

ದಾಂಡೇಲಿಯಲ್ಲಿ ಕಾರ್ಖಾನೆಯವರು ನಮಗೆಂದು ಕಟ್ಟಿಸಿದ ಮನೆಗಳೆಲ್ಲ ಒಂದೇ ಅಚ್ಚಿನ ಇಟ್ಟಿಗೆಗಳ ಹಾಗಿದ್ದವು. ಬಾಗಿಲಿಗೆ ಬೇರೆ ಬಣ್ಣ ಹಚ್ಚುವಂತಿರಲಿಲ್ಲ. ಅದಕ್ಕೇ ಹೆಂಡತಿ ಗುರುತಿಗೆಂದು ಮನೆ ಮುಂದೆ ಎಮ್ಮೆ ಕಟ್ಟಿದ್ದಳು.

ಒಂದು ಸಂಜೆ ಪಾಳಿ ಮುಗಿಸಿ ಬಂದವನು ಎಮ್ಮೆ ಕಂಡದ್ದೇ ಒಳಗೆ ಹೋಗಿ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕೂತೆ. ಒಳಗಿಂದ ತಂಬಿಗೆ ನೀರು, ಜೊತೆಗೆ ಬೆಲ್ಲ ಬಂತು. ಬೆಲ್ಲ ಕೊಡುವುದು ಬೀಗರಿಗೆ, ಗಂಡನಿಗಲ್ಲ! ತಲೆಯೆತ್ತಿದರೆ ಗುರುತಿಲ್ಲದ ಅಜ್ಜಿ.

"ತಪ್ಪಾತಬೇ ಯವ್ವಾ, ನಮ್ಮನಿ ಅಂತ..." ಎಂದು ಎದ್ದೆ.

"ಕೂಡೋ ತಮ್ಮಾ. ಮೊದ್ಲ ನೀರ ಕುಡಿ, ಆಮ್ಯಾಲ ಯಾರಂತ ಹೇಳೀಯಂತ."

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ಕೆಂಡವಾದಳು. "ಹಗ್ಗ ಹರಕೊಂಡು ಹೋದ ಎಮ್ಮಿ ಕಣ್ಣಮುಂದ ಇತ್ತು, ಅಲ್ಲೇ ಬಿಟ್ಟು ಬಂದ್ರ್ಯಾ?"

ಕರೆತರಲು ಓಡಿದೆ. ಎಮ್ಮೆಯೂ ಬೆಲ್ಲ ತಿನ್ನುತ್ತಿತ್ತು.