ಲಸ್ಕರ್ ಗಾಳೆಪ್ಪನ ಬಾಗಿಲು

ಎಮ್ಮಿಗನೂರಿನ ಗಾಳೆಪ್ಪ ಕಾಲುವೆಯ ಲಸ್ಕರ್. ಅದೇನು ದೊಡ್ಡ ಹುದ್ದೆಯಲ್ಲ. ತೂಬಿನ ಕೀಲಿ ಕೈಯಲ್ಲಿಟ್ಟುಕೊಂಡು, ಯಾರ ಪಾಳಿ ಬಂತೋ ಅವರ ಗದ್ದೆಗೆ ನೀರು ಬಿಡೋದು, ಪಾಳಿ ಮುಗಿದ ಕೂಡಲೇ ಮುಚ್ಚೋದು, ಇಷ್ಟೇ. ಬಿಡೋದಕ್ಕೆ ಯಾರು ಬೇಕಾದರೂ ಆಗುತ್ತಾರೆ. ಮುಚ್ಚುವಾಗ ಎದುರಿಗೆ ಒಬ್ಬ ಗುದ್ದಲಿ ಹಿಡಿದು ನಿಂತಿರುತ್ತಾನಲ್ಲ, ಅವನನ್ನು ಸರಿಸಬೇಕು. ಅದಕ್ಕೆ ಗಾಳೆಪ್ಪನ ಹತ್ತಿರ ಇದ್ದದ್ದು ಬಾಯಿ ಒಂದೇ. ಅವನು ಬೈದರೆ ಭತ್ತ ದಿನಕ್ಕಿಂತ ಮೊದಲೇ ತೆನೆ ಬಗ್ಗಿಸುತ್ತದೆ ಅಂತ ಊರವರು ನಗುತ್ತಿದ್ದರು. ಎದುರಿಗೆ ಅಲ್ಲ, ಹಿಂದೆ.

ಹೆಂಡತಿ ಹೊಳೆಮ್ಮ ಅವನ ಸೋದರಮಾವನ ಮಗಳು. ಅವಳ ತಮ್ಮ ಗುಡ್ಡಪ್ಪನ ಗದ್ದೆ ಕಾಲುವೆಯ ಕಟ್ಟಕಡೆಗೆ ಇತ್ತು. ಕಡೆಯ ಗದ್ದೆಗೆ ಬರುವಷ್ಟರಲ್ಲಿ ನೀರು ಸೊರಗಿರುತ್ತದೆ. ಒಂದು ಬೇಸಿಗೆ ಬೆಳೆಯಲ್ಲಿ ಗುಡ್ಡಪ್ಪ, ಅಕ್ಕನ ಗಂಡ, ಮಾವನೇ ಲಸ್ಕರ್ ಇದ್ದಾನೆ, ನೋಡಿಯೂ ನೋಡದಂಗ ಇರ್ತಾನೆ ಅಂದುಕೊಂಡು, ಪಾಳಿ ಇಲ್ಲದ ದಿನ ಕಾಲುವೆಗೆ ಅಡ್ಡ ಕಲ್ಲು ಹುಲ್ಲು ತುರುಕಿ ನೀರು ತಿರುಗಿಸಿಕೊಂಡ. ಗಾಳೆಪ್ಪ ನಾಲ್ಕು ಮಂದಿ ಮುಂದೆ ಅದನ್ನು ಕಿತ್ತು ಹಾಕಿದ. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ಗುಡ್ಡಪ್ಪನ ಗುದ್ದಲಿಯನ್ನೂ ಕಸಿದು ಕಾಲುವೆಗೆ ಎಸೆದ. ಗುಡ್ಡಪ್ಪ, ಇನ್ನು ನಿನ್ನ ಬಾಗಿಲಲ್ಲಿ ಕಾಲು ತೊಳೆಯೋದಿಲ್ಲ ಅಂದು ಹೋದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡೋದು ಕಾಲಿಗೆ ನೀರು. ಅದನ್ನು ಒಲ್ಲೆ ಅಂದರೆ ಆ ಮನೆಯನ್ನೇ ಒಲ್ಲೆ ಅಂದಂತೆ. ಆಮೇಲೆ ನಾಗರ ಪಂಚಮಿಗೆ ಹೊಳೆಮ್ಮ ಒಬ್ಬಳೇ ತವರಿಗೆ ಹೋಗಿ ಬರುತ್ತಿದ್ದಳು.

ಹಿಂಗೆ ಕೆಲವು ವರ್ಷ ಕಳೆದ ಮೇಲೆ ಹೊಳೆಮ್ಮನಿಗೆ ಜ್ವರ ಹಿಡಿಯಿತು. ಬಿಡಲಿಲ್ಲ. ಒಸಡಿನಲ್ಲಿ ರಕ್ತ ಬಂತು, ಮೈ ಮೇಲೆ ಹೊಡೆದವರಿಲ್ಲದೆ ಕಂದುಗಟ್ಟಿತು. ಬಳ್ಳಾರಿಯಲ್ಲಿ ನೋಡಿದವರು ಇದು ರಕ್ತದ ಕ್ಯಾನ್ಸರ್, ಇಲ್ಲಿ ಆಗೋದಿಲ್ಲ, ದೂರದ ಆಸ್ಪತ್ರೆಗೆ ಹೋಗ್ರಿ ಅಂದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ತಮಿಳರ ಸೀಮೆಯ ಒಂದು ದೊಡ್ಡಾಸ್ಪತ್ರೆಗೆ ಹೋದರು. ಖರ್ಚಿನ ಮಾತು ಇಲ್ಲಿ ಬ್ಯಾಡ, ಅದು ಎಲ್ಲರ ಮನೆಯಲ್ಲೂ ಒಂದೇ ಕಥೆ. ನರಕ್ಕೆ ಸೂಜಿ ಹಾಕಿ ಔಷಧಿ ಬಿಟ್ಟರು, ಒಂದು ಬಾಟ್ಲಿಯದು ಕುಂಕುಮದ ನೀರಿನಂಗೆ ಕೆಂಪು. ಅವಳು ಉಂಡದ್ದೆಲ್ಲ ಕಾರಿದಳು. ಗಾಳೆಪ್ಪ ಬೋಗುಣಿ ಹಿಡಿದ, ತೊಳೆದ, ಮತ್ತೆ ಹಿಡಿದ. ಕೂದಲು ಹಿಡಿಹಿಡಿಯಾಗಿ ದಿಂಬಿಗೆ ಬಂತು. ವಾಪಸ್ಸು ಬರುವಾಗ ಗಾಡಿಯಲ್ಲಿ ಒಬ್ಬ ಮುದುಕಿ, ತಿರುಪತಿಗೆ ಮುಡಿ ಕೊಟ್ಟು ಬಂದ್ರೇನವ್ವ, ಪ್ರಸಾದ ಐತೇನು ಅಂತ ಕೇಳಿದಳು. ಗಾಳೆಪ್ಪ ಬಾಯಿ ತೆರೆಯುವ ಮೊದಲೇ ಹೊಳೆಮ್ಮ, ಲಡ್ಡು ಇವರೇ ತಿಂದು ಮುಗಿಸಿದರು ಅಂದಳು.

ಒಂದು ಸುತ್ತು ಔಷಧಿಗೂ ಮತ್ತೊಂದಕ್ಕೂ ನಡುವೆ ಊರಿನಲ್ಲಿ ಇರಬಾರದು ಅಂದಿದ್ದರು ಡಾಕ್ಟರು. ದನ, ಸಗಣಿ, ಒಕ್ಕುವ ಧೂಳು ಯಾವುದೂ ಆಗದು. ಈ ಔಷಧಿ ರೋಗದ ಜೊತೆಗೆ ಮೈಯ ಕಾವಲನ್ನೂ ಕೊಲ್ಲುತ್ತದೆ, ಒಂದು ನೆಗಡಿ ಬಂದರೂ ಜೀವಕ್ಕೇ ಕುತ್ತು. ಅದಕ್ಕೆ ಗಾಳೆಪ್ಪ ರಜೆ ಬರೆದುಕೊಟ್ಟು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕೊಟ್ರಮ್ಮ ಅನ್ನೋವಳ ಮನೆಯ ಒಂದು ಕೋಣೆ ಬಾಡಿಗೆಗೆ ಹಿಡಿದ. ನೀರು ಕುದಿಸಿ ಆರಿಸಿದ. ಹಸಿ ಹಣ್ಣಿಲ್ಲ, ಹೂವಿಲ್ಲ, ಬಂದವರು ಒಳಗೆ ಬರುವಂಗಿಲ್ಲ. ಬಾಗಿಲಿಗೆ ಅಡ್ಡ ಹಗ್ಗದ ಹೊರಸು ಹಾಕಿಕೊಂಡು ಕೂತ.

ಊರಿನವರು ಬರದೆ ಬಿಡುತ್ತಾರೆಯೇ. ಜಡ್ಡಾದವರನ್ನು ಮಾತಾಡಿಸಿ ಬರೋದು ಧರ್ಮ, ಹೋಗದಿದ್ದರೆ ನಾಳೆ ಆಡಿಕೊಳ್ಳುತ್ತಾರೆ. ಕಂಪ್ಲಿ ಬಸ್ಸಿನಿಂದ ಬಾಳೆಗೊನೆ, ಮಂಡಕ್ಕಿ ಗಂಟು, ಮಲ್ಲಿಗೆ ಹಿಡಿದು ಇಳಿಯುತ್ತಿದ್ದರು. ಗಾಳೆಪ್ಪ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಕಾಲಿಗೆ ನೀರನ್ನೂ ಕೊಡಲಿಲ್ಲ, ಕೊಟ್ಟರೆ ಒಳಗೆ ಕರೆದಂಗೆ. ಜಂಬಪ್ಪ ಅನ್ನೋ ಹಿರಿಯ, ಹೆಣದ ಮುಖಾನಾದ್ರೂ ತೋರಿಸ್ತಾರಲೇ ಅಂದದ್ದಕ್ಕೆ ಗಾಳೆಪ್ಪ ಕೊಟ್ಟ ಉತ್ತರ ಬರೆಯುವಂಥದ್ದಲ್ಲ. ಮನೆಯೊಡತಿ ಕೊಟ್ರಮ್ಮ ಇದನ್ನೆಲ್ಲ ನೋಡಿ, ನಮ್ಮ ಓಣಿಗೆ ನಾಯಿ ಬ್ಯಾಡ ಇನ್ನ, ಗಾಳೆಪ್ಪ ಒಬ್ಬ ಸಾಕು ಅಂದಳು.

ಔಷಧಿಗೆ ರೋಗ ಮಲಗಿತು. ಡಾಕ್ಟರು ತೆಲುಗಿನವರು, ಗಾಳೆಪ್ಪನಿಗೆ ತೆಲುಗು ಬರುತ್ತಿತ್ತು. ಮಲಗಿದ್ದು ಮತ್ತೆ ಏಳುತ್ತದೆ, ಏಳುವ ಮೊದಲೇ ಇನ್ನೊಬ್ಬರ ಎಲುಬಿನೊಳಗಿನ ಮಜ್ಜೆ ತೆಗೆದು ಇವಳಿಗೆ ಹಾಕಬೇಕು ಅಂದರು. ಗಾಳೆಪ್ಪ ಅದನ್ನು ತನ್ನ ಲೆಕ್ಕದಲ್ಲಿ ತಿಳಿದುಕೊಂಡ. ಗದ್ದೆಯ ಕಳೆಯನ್ನೆಲ್ಲ ಕೆಸರಿಗೆ ತುಳಿದು ಹದ ಮಾಡೋದು, ಆಮೇಲೆ ಬ್ಯಾರೆ ಮಡಿಯ ಸಸಿ ತಂದು ನಾಟಿ ಮಾಡೋದು. ನಂದೇ ತಗೋರಿ ಅಂದ. ಗಂಡನದು ಹೊಂದೋದಿಲ್ಲ, ಒಡಹುಟ್ಟಿದವರದು ಬೇಕು ಅಂದರು. ಅವನು ಬಿಡಲಿಲ್ಲ. ಇವಳು ನನಗೆ ಹೊರಗಿನವಳಲ್ಲ, ನಮ್ಮವ್ವನ ಅಣ್ಣನ ಮಗಳು, ಇಬ್ಬರದೂ ಒಂದೇ ರಕ್ತ ಅಂತ ಆಸ್ಪತ್ರೆ ಎದ್ದು ನಿಲ್ಲುವಂಗೆ ವಾದ ಮಾಡಿದ. ಸಾಕಾಗಿ ಅವನ ರಕ್ತವನ್ನೂ ತೆಗೆದು ನೋಡಿದರು. ಹೊಂದಲಿಲ್ಲ. ಹೊಳೆಮ್ಮನ ಅಕ್ಕ ಭೀಮಮ್ಮನದೂ ಹೊಂದಲಿಲ್ಲ. ಉಳಿದವನು ಗುಡ್ಡಪ್ಪ ಒಬ್ಬ.

ಇಷ್ಟು ದಿನ ಊರಿಗೆಲ್ಲ ಕೇಳುವಂಗೆ ಒದರಿದ ಬಾಯಿಗೆ ಗುಡ್ಡಪ್ಪನನ್ನು ಕೇಳುವ ಆ ಒಂದು ಮಾತು ಬರಲಿಲ್ಲ. ಕಂಪ್ಲಿ ಬಸ್ಸು ಹತ್ತಬೇಕು ಅಂತ ಬೆಳಗ್ಗೆ ಏಳುತ್ತಿದ್ದ, ನೀರು ಕುದಿಸಿ ಮುಗಿಯುವಷ್ಟರಲ್ಲಿ ನಾಳೆ ಹೋದರಾಯಿತು ಅನ್ನುತ್ತಿದ್ದ. ಡಾಕ್ಟರು ಹೇಳಿದ್ದ ಗಡುವು ಮಾತ್ರ ಹತ್ತಿರ ಬರುತ್ತಿತ್ತು.

ಒಂದು ಮಧ್ಯಾಹ್ನ ಗುಡ್ಡಪ್ಪನೇ ಬಂದ. ನಾಟಿಯ ಗದ್ದೆಯಿಂದ ಎದ್ದು ಬಂದಿದ್ದ, ಮೊಣಕಾಲಿನ ಮಟ ಕೆಸರು ಒಣಗಿತ್ತು. ಮೆಟ್ಟಿಲಿಗೆ ಬಂದವನೇ ಕೆಮ್ಮಿದ. ಅಷ್ಟೇ ಸಾಕಾಯಿತು. ಗಾಳೆಪ್ಪನಿಗೆ ಬಂದವನು ಕಾಣಲಿಲ್ಲ, ಕೆಮ್ಮು ಕಂಡಿತು. ಬುದ್ಧಿಗಿಂತ ಮೊದಲು ಬಾಯಿ ಓಡಿತು.

"ಯಾವನಲೇ ಅವನು, ಕೆಮ್ಮಿಕೋಂತ ಬಂದಾನ! ನಡಿ ಆಚೀಗೆ!"

ಗುಡ್ಡಪ್ಪ ನಿಂತು ನೋಡಿದ. ಹಳೇ ಸಿಟ್ಟು ಇನ್ನೂ ಆರಿಲ್ಲ ಅಂದುಕೊಂಡಿರಬೇಕು. ತಿರುಗಿ ಹೊರಟೇಬಿಟ್ಟ. ಅವನು ಓಣಿ ದಾಟಿದ ಮೇಲೆ ಗಾಳೆಪ್ಪನಿಗೆ ಬಂದದ್ದು ಯಾರು ಅನ್ನೋದು ತಲೆಗೆ ಇಳಿಯಿತು. ಆದರೂ ಹೊರಸಿನಿಂದ ಏಳಲಿಲ್ಲ. ಒಳಗಿಂದ ಹೊಳೆಮ್ಮ ತಮ್ಮನ ಕೆಮ್ಮು ಗುರುತು ಹಿಡಿದಿದ್ದಳು. ಗೋಡೆ ಹಿಡಿದುಕೊಂಡು ಬಂದು ಬಾಗಿಲ ಒಳಗೆ ನಿಂತಳು.

"ಮುಚ್ಚೋದು ಭಾಳ ಛಲೋ ಕಲ್ತಿ," ಅಂದಳು. "ತೂಬು ತೆಗಿಯೋದೂ ನಿನ್ನ ಕೆಲಸನೇ ಅಲ್ಲೇನು?"

ಗಾಳೆಪ್ಪ ಎದ್ದ. ಆರಿಸಿ ಇಟ್ಟಿದ್ದ ನೀರಿನ ಚೊಂಬು ಕೈಯಲ್ಲೇ ಇತ್ತು, ಇಡಬೇಕು ಅಂತ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಹೊರಡುವಂಗಿತ್ತು, ಗುಡ್ಡಪ್ಪ ಕಿಟಕಿಗೆ ಕೂತಿದ್ದ. ಗಾಳೆಪ್ಪ ಕಿಟಕಿಯ ಕೆಳಗೆ ನಿಂತ. ತಪ್ಪಾಯ್ತು ಅನ್ನೋ ಶಬ್ದ ಅವನಿಗೆ ರೂಢಿ ಇರಲಿಲ್ಲ.

"ಇಳಿ," ಅಂದ.

"ಯಾಕ ಮಾವ? ಗುದ್ದಲಿ ಈಗ ತಂದಿಲ್ಲ, ಏನ್ ಒಗಿತಿ?"

"ಪಾಳಿ ನಿಂದೈತಿ. ಇಳಿಯಪ್ಪ."

ಗುಡ್ಡಪ್ಪ ಚೊಂಬನ್ನೇ ನೋಡಿದ. ಭೀಮಕ್ಕ ಎಲ್ಲ ಹೇಳಿದ್ದಾಳೆ, ರಕ್ತ ಕೊಡೋಕೆ ಅಂತಲೇ ಬಂದಿದ್ದೆ, ನೀನು ಹೇಳಗೊಡಲಿಲ್ಲ ಅಂದು ಇಳಿದ. ಬಸ್ಸು ಹೋದ ಜಾಗದಲ್ಲಿ, ಓಡಾಡುವ ಜನದ ನಡುವೆ, ಗಾಳೆಪ್ಪ ಬಗ್ಗಿ ಅವನ ಕಾಲಿಗೆ ನೀರು ಹಾಕಿದ. ಕುದಿಸಿ ಆರಿಸಿದ ನೀರು, ಕೆಸರು ಬಿಡಲು ಚೊಂಬೆಲ್ಲ ಬೇಕಾಯಿತು.

ಒಳಗೆ ಮಾತ್ರ ಬಿಡಲಿಲ್ಲ. ಕೆಮ್ಮು ಹೋಗುವ ತನಕ ಗುಡ್ಡಪ್ಪ ಕೊಟ್ರಮ್ಮನ ಕಟ್ಟೆ ಮೇಲೆ ಮಲಗಿದ, ಅಕ್ಕನ ಜೊತೆ ಕಿಟಕಿಯಿಂದಲೇ ಮಾತಾಡಿದ. ಆಮೇಲೆ ಮೂವರೂ ಗಾಡಿ ಹತ್ತಿದರು. ರಕ್ತ ಹೊಂದಿತು.

ಕಸಿ ಮಾಡುವ ಮೊದಲು ಹೊಳೆಮ್ಮನನ್ನು ಗಾಜಿನ ಕೋಣೆಗೆ ಹಾಕಿ, ಹಿಂದಿನದಕ್ಕಿಂತ ಬಿರುಸಾದ ಔಷಧಿ ಕೊಟ್ಟರು. ನರ್ಸಮ್ಮ ಗಾಳೆಪ್ಪನನ್ನು ಬಾಗಿಲಲ್ಲೇ ತಡೆದು, ಹೊರಗೆ ಕುಂದರಲು ಕೈ ತೋರಿಸಿದಳು. ಅವನು ಎದುರಾಡದೆ ಕೂತ. ಹೊಳೆಮ್ಮ ಗಾಜಿನ ಆಚೆಯಿಂದ ಅದನ್ನು ನೋಡಿದಳು.

ಗುಡ್ಡಪ್ಪನ ಸೊಂಟದ ಎಲುಬಿನಿಂದ ತೆಗೆದದ್ದು ಅವಳ ನರಕ್ಕೆ ಇಳಿಯಿತು. ಇನ್ನು ಬೇರು ಹಿಡಿಯಬೇಕು, ಕಾಯಬೇಕು ಅಂದರು ಡಾಕ್ಟರು. ಕಾದರು. ಒಂದು ಬೆಳಗ್ಗೆ ಬಂದು, ಹಿಡಿದೈತಿ ಅನ್ನೋದನ್ನು ತೆಲುಗಿನಲ್ಲಿ ಹೇಳಿ ಹೋದರು. ಗಾಳೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಗುಡ್ಡಪ್ಪ ನೋವಿನ ಸೊಂಟ ಹಿಡಿದುಕೊಂಡು ಪಕ್ಕದ ಬೆಂಚಿನಲ್ಲಿ ಕೂತಿದ್ದ.

"ಇನ್ನ ಮ್ಯಾಲಾದ್ರೂ ನನ್ನ ಗದ್ದಿಗೆ ಮೊದಲು ನೀರು ಬಿಡ್ತಿಯೇನು ಮಾವ?"

"ಪಾಳಿ ಬಂದಾಗ ಬಿಡ್ತೀನಿ," ಅಂದ ಗಾಳೆಪ್ಪ.